ಅಕ್ಕಾರ, ಬರಕೊಳ್ರಿ

ನಮ್ಮ ಕಡೆ ಕೂಸಿನ ಬೆಳವಣಿಗೆಯಲ್ಲಿ ಏನೋ ಕೊರತೆ ಇದೆ ಎಂದು ಮೊದಲು ಗೊತ್ತಾಗುವುದು ಅಜ್ಜಿಗೆ. ಎಣ್ಣೆ ಹಚ್ಚಿ ನೀರೆರೆಯುವಾಗಲೇ ಅವಳ ಕೈಗೆ ಸಿಗುತ್ತದೆ: ಕುತ್ತಿಗೆ ನಿಂತಿಲ್ಲ, ಕಾಲು ಬಿಗಿ ಹಿಡಿಯುತ್ತದೆ, ಕೂಗಿದರೆ ತಿರುಗುವುದಿಲ್ಲ. ಅವಳ ಹಿಂದೆಯೇ ತಾಯಿಗೆ ಗೊತ್ತಾಗುತ್ತದೆ. ಆಮೇಲೆ ಅಂಗನವಾಡಿ ಬಾಯಾರಿಗೆ. ತಂದೆಗೆ ಬಹಳ ತಡವಾಗಿ, ಸರ್ಕಾರಕ್ಕೆ ಎಲ್ಲರಿಗಿಂತ ಕೊನೆಗೆ. ಅಜ್ಜಿಗೆ ತಿಳಿದದ್ದು ಸರ್ಕಾರಕ್ಕೆ ತಿಳಿಯುವ ಹೊತ್ತಿಗೆ ಏಳೆಂಟು ವರ್ಷ ಕಳೆದ ಮನೆಗಳನ್ನು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳಲ್ಲಿ ನಾನು ಬೇಕಾದಷ್ಟು ಕಂಡಿದ್ದೇನೆ. ತಡವಾಯಿತು ಎಂದರೆ ಜನ ಕಚೇರಿಯವರನ್ನು ಬೈಯುತ್ತಾರೆ. ಬೈಯಲಿ, ಅದರಲ್ಲಿ ಅರ್ಧ ನಿಜವಿದೆ. ಆದರೆ ದೊಡ್ಡ ಪಾಲು ತಡ ಅಂಗವೈಕಲ್ಯದ ಪ್ರಮಾಣಪತ್ರಕ್ಕೆ ಅರ್ಜಿ ಬರೆಯುವುದಕ್ಕೆ ಮುಂಚೆಯೇ ಆಗಿ ಹೋಗಿರುತ್ತಿತ್ತು. ಮಿಕ್ಕಿದ್ದು ಒಂದು ಕಚೇರಿಯಿಂದ ಇನ್ನೊಂದಕ್ಕೆ ಹೋಗುವ ದಾರಿಯಲ್ಲಿ ಆಗುತ್ತಿತ್ತು. ಆ ದಾರಿಗೆ ಯಾರೂ ಸಾಹೇಬರಿಲ್ಲ.

2007-08ರ ಸುಮಾರಿಗೆ ರಾಜ್ಯ ಸರ್ಕಾರ ಗ್ರಾಮೀಣ ಪುನರ್ವಸತಿ ಯೋಜನೆ ತಂದಿತು. ಗ್ರಾಮ ಪಂಚಾಯಿತಿಗೆ ಒಬ್ಬ ಪುನರ್ವಸತಿ ಕಾರ್ಯಕರ್ತ, ತಾಲ್ಲೂಕಿಗೆ ಒಬ್ಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ. ಊರಿನವರು ನಮ್ಮನ್ನು ‘ವಿ.ಆರ್.ಡಬ್ಲ್ಯು’, ‘ಎಂ.ಆರ್.ಡಬ್ಲ್ಯು’ ಎಂದೇ ಕರೆಯುವುದು. ಈ ಕೆಲಸಕ್ಕೆ ಅಂಗವಿಕಲರನ್ನೇ ಆರಿಸುವುದು ಪದ್ಧತಿ. ನನ್ನ ಎಡಗಾಲು ಸಣ್ಣಂದಿನಲ್ಲೇ ಪೋಲಿಯೋಗೆ ಹೋದದ್ದು. ‘ನಿನ್ನ ಕಾಲು ಕಡೀಕೂ ಒಂದು ಕೆಲಸಕ್ಕ ಬಂತು ನೋಡವ್ವಾ’ ಎಂದು ಅಪ್ಪ ನಕ್ಕಿದ್ದ. ಮೊದಲು ಬೈಲಹೊಂಗಲ ತಾಲ್ಲೂಕಿನ ಒಂದು ಪಂಚಾಯಿತಿಯಲ್ಲಿದ್ದೆ. ಕಿತ್ತೂರು ಆಗ ಬೇರೆ ತಾಲ್ಲೂಕಾಗಿರಲಿಲ್ಲ, ಬೈಲಹೊಂಗಲಕ್ಕೇ ಸೇರಿತ್ತು. ಆಮೇಲೆ ಸವದತ್ತಿ, ರಾಮದುರ್ಗದ ಕಡೆಯೂ ಓಡಾಡಿದೆ. ಮೂರು ಗಾಲಿಯ ಸ್ಕೂಟರು ಬರುವ ತನಕ ಬಸ್ಸೇ ಗತಿ. ಮಂಗಳವಾರ, ಶುಕ್ರವಾರ ಎಲ್ಲಮ್ಮನ ಗುಡ್ಡಕ್ಕೆ ಹೋಗುವ ಜನದ ನಡುವೆ ಸವದತ್ತಿ ಬಸ್ಸಿನಲ್ಲಿ ಕಾಲಿಡಲು ಜಾಗ ಸಿಗುವುದಿಲ್ಲ. ಭಾರತ ಹುಣ್ಣಿಮೆಯ ವಾರದಲ್ಲಂತೂ ಕೇಳಲೇಬೇಡಿ. ಆ ವಾರವೇ ತಾಲ್ಲೂಕಿನ ದವಾಖಾನೆಯಲ್ಲಿ ಅಂಗವಿಕಲರ ಶಿಬಿರ ಇಟ್ಟುಬಿಡುತ್ತಿದ್ದರು. ಪಂಚಾಂಗ ನೋಡದೆ ದಿನ ಗೊತ್ತು ಮಾಡುವವರಿಗೆ ನಮ್ಮ ತಾಲ್ಲೂಕಿನ ಬಗ್ಗೆ ಏನೂ ತಿಳಿದಿಲ್ಲ ಎಂದೇ ಲೆಕ್ಕ.

ಕಾಲು ಸಣ್ಣದಾದವರ ಕೆಲಸ ಸುಲಭವಿತ್ತು. ಕಾಲು ಎಲ್ಲರಿಗೂ ಕಾಣುತ್ತದೆ. ಕಷ್ಟವಿದ್ದದ್ದು ಬುದ್ಧಿಯ ಬೆಳವಣಿಗೆ ತಡವಾದ ಮಕ್ಕಳದು, ಮಾತು ಬಾರದವರದು, ತಮ್ಮ ಪಾಡಿಗೆ ತಾವು ಗಾಲಿ ತಿರುಗಿಸುತ್ತ ಕೂಡುವ ಮಕ್ಕಳದು. ಇಂಥ ಮನೆಗೆ ಹೋದರೆ ಮೊದಲ ಮಾತು ಒಂದೇ: ‘ನಮ್ಮ ಹುಡುಗ ಎಲ್ಲಾ ತಿಳಕೊಂತಾನ್ರಿ ಅಕ್ಕಾರ, ಬರೇ ಮಾತ ಬರೂದಿಲ್ಲ. ಅವರಪ್ಪನೂ ತಡಾ ಮಾತಾಡಿದ್ದ.’ ಎಲ್ಲಮ್ಮನಿಗೆ ಹರಕೆ ಹೊತ್ತಾಗಿರುತ್ತದೆ, ಗೊಡಚಿ ವೀರಭದ್ರನಿಗೆ ನಡೆದುಕೊಂಡಾಗಿರುತ್ತದೆ. ಅದಕ್ಕೆ ನಾನು ಎಂದೂ ಅಡ್ಡ ಬಂದವಳಲ್ಲ. ‘ಹೋಗಿ ಬರ್ರಿ, ಬರೂವಾಗ ದವಾಖಾನಿಗೂ ಹೋಗಿ ಬರ್ರಿ’ ಎನ್ನುತ್ತಿದ್ದೆ. ಅರ್ಚಕರು ಬೇಡವೆಂದವರಲ್ಲ, ದೇವರೂ ಬೇಡವೆಂದಂತೆ ಕಾಣಲಿಲ್ಲ.

ಧಾರವಾಡದ ಹೆಸರು ತೆಗೆದಾಗ ಮಾತ್ರ ಮನೆಯವರ ಮುಖ ಬಾಡುತ್ತಿತ್ತು. ಅಲ್ಲಿನ ಮಾನಸಿಕ ಆಸ್ಪತ್ರೆ 1845ರಷ್ಟು ಹಳೆಯದು. ಈಗ ಅದು ಡಿಮ್ಹಾನ್ಸ್, ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ. ಒಳ್ಳೆಯ ಮನಶ್ಶಾಸ್ತ್ರಜ್ಞರು, ಬುದ್ಧಿಶಕ್ತಿಯ ಪರೀಕ್ಷೆ, ಎಲ್ಲ ಅಲ್ಲಿ ಸಿಗುತ್ತದೆ. ಆದರೆ ನಮ್ಮ ಸೀಮೆಯಲ್ಲಿ ‘ಇವನ್ನ ಧಾರವಾಡಕ್ಕ ಕಳಸಬೇಕು’ ಎಂದರೆ ಅರ್ಥ ಬೇರೆಯೇ. ಮನೆಯಲ್ಲಿ ಮದುವೆಗೆ ಬಂದ ಹುಡುಗಿ ಇದ್ದರೆ ತೀರಿತು, ಅವಳ ಮದುವೆ ಆಗುವ ತನಕ ತಮ್ಮನ ಪರೀಕ್ಷೆ ಮುಂದಕ್ಕೆ. ಬೈಲಹೊಂಗಲದ ಹತ್ತಿರದ ಹಳ್ಳಿಯೊಂದರಲ್ಲಿ ಒಬ್ಬ ಅಜ್ಜ ಇದಕ್ಕೆ ತಾನೇ ಉಪಾಯ ಕಂಡುಕೊಂಡ. ಊರವರು ಕೇಳಿದರೆ ‘ಕಣ್ಣಿನ ದವಾಖಾನಿಗೆ’ ಎಂದು ಹೇಳಿ ಮೊಮ್ಮಗನನ್ನು ಹೊತ್ತು ಧಾರವಾಡಕ್ಕೆ ಹೊರಟ. ಆ ಸುಳ್ಳಿಗೆ ನಾನೂ ಸಾಕ್ಷಿಯಾದೆ.

ಇಂಥ ಮಗುವನ್ನು ಅಳೆಯುವುದು ಹೇಗೆ ಎಂಬುದನ್ನು ತಿಳಿದುಕೊಳ್ಳಲು ನನಗೆ ಬಹಳ ಕಾಲ ಹಿಡಿಯಿತು. ತಾಯಂದಿರಿಗೆ ಯಾರೂ ಹೇಳುವುದಿಲ್ಲವಾದ್ದರಿಂದ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಒಂದು ಬಗೆಯ ಪರೀಕ್ಷೆ ಮಗುವಿಗೇ ಚಿತ್ರ ತೋರಿಸಿ, ಪ್ರಶ್ನೆ ಕೇಳಿ ಮಾಡುವುದು. ವಿ.ವಿ. ಕಾಮತ್ ಅವರು ಸ್ವಾತಂತ್ರ್ಯಕ್ಕೆ ಮೊದಲೇ ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿದ ಬಿನೆ-ಕಾಮತ್ ಪರೀಕ್ಷೆ ಈ ಬಗೆಯದು. ಇನ್ನೊಂದು ವೈನ್‌ಲ್ಯಾಂಡ್ ಸಾಮಾಜಿಕ ಪ್ರೌಢತೆಯ ಮಾಪನ. ಅಮೆರಿಕದ ಎಡ್ಗರ್ ಡಾಲ್ 1935ರಲ್ಲಿ ಮಾಡಿದ್ದನ್ನು ನಾಗಪುರದ ಎ.ಜೆ. ಮಾಲಿನ್ ನಮ್ಮ ದೇಶದ ಮಕ್ಕಳಿಗೆ ಅಳವಡಿಸಿದರು. ಅದರಲ್ಲಿ 89 ಅಂಶಗಳಿವೆ. ಮಗು ತಾನಾಗಿ ಉಣ್ಣುತ್ತದೆಯೇ, ಅಂಗಿಯ ಗುಂಡಿ ಹಾಕಿಕೊಳ್ಳುತ್ತದೆಯೇ, ಬಹಿರ್ದೆಸೆಗೆ ಹೇಳುತ್ತದೆಯೇ, ಓಣಿಯಲ್ಲಿ ಒಂದೇ ತಿರುಗಾಡಿ ಬರುತ್ತದೆಯೇ. ಇದನ್ನು ಕೇಳುವುದು ಮಗುವಿಗಲ್ಲ, ತಾಯಿಗೆ. ಕೇಂದ್ರ ಸರ್ಕಾರ 2018ರ ಜನವರಿಯಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ಬೌದ್ಧಿಕ ವೈಕಲ್ಯದ ಪ್ರಮಾಣ ನಿಂತಿದ್ದದ್ದೇ ಈ ಅಂಕದ ಮೇಲೆ. 55ರಿಂದ 69 ಬಂದರೆ ಶೇ 50, 36ರಿಂದ 54 ಬಂದರೆ ಶೇ 75, 21ರಿಂದ 35ಕ್ಕೆ ಶೇ 90, ಅದಕ್ಕೂ ಕೆಳಗಾದರೆ ಶೇ 100. ಅಂಕ 70 ಮುಟ್ಟಿತೋ, ಶೇ 25. ಸೌಲಭ್ಯಗಳ ಬಾಗಿಲು ತೆರೆಯುವುದು ಶೇ 40ರಿಂದ. ಅಂದರೆ ತಾಯಿಯ ಒಂದೆರಡು ಉತ್ತರ ಆಚೀಚೆಯಾದರೆ ಮಗುವಿನ ವರ್ಷಗಳೇ ಆಚೀಚೆಯಾಗುತ್ತವೆ.

ಇದೆಲ್ಲ ಗೊತ್ತಿಲ್ಲದ ತಾಯಿ ಡಾಕ್ಟರ ಮುಂದೆ ಹೇಗೆ ಮಾತಾಡುತ್ತಾಳೆ? ‘ತಾನಽ ಉಣ್ತಾನೇನವ್ವಾ?’ ಎಂದು ಅವರು ಕೇಳುತ್ತಾರೆ. ‘ಹೌದ್ರಿ ಸರ, ತಾನಽ ಉಣ್ತಾನ್ರಿ.’ ಉಣ್ಣುತ್ತಾನೆ, ಸುಳ್ಳಲ್ಲ. ಆದರೆ ರೊಟ್ಟಿ ಚೂರು ಮಾಡಿ ಹಾಲಿನಲ್ಲಿ ನೆನೆಸಿ, ಅವನನ್ನು ಗೋಡೆಗೆ ಆನಿಸಿ ಕೂಡಿಸಿ, ತಾಟು ಸರಿಯದಂತೆ ಒಂದು ಕೈ ಹಿಡಿದು, ನಡುನಡುವೆ ಬಾಯಿ ಒರೆಸಿದ ಮೇಲೆ ಉಣ್ಣುತ್ತಾನೆ. ಈ ಉಳಿದದ್ದೆಲ್ಲ ಅವಳಿಗೆ ಲೆಕ್ಕಕ್ಕೇ ಇಲ್ಲ. ಒಂಬತ್ತು ವರ್ಷ ದಿನಾ ಮಾಡಿದ್ದು ಅವಳ ಮೈಗೆ ಹತ್ತಿ ಹೋಗಿದೆ. ಪಕ್ಕದಲ್ಲಿ ಅತ್ತೆ ಕೂತಿದ್ದರೆ ಇನ್ನೂ ಕಷ್ಟ, ಮಗನ ಮಾನ ಕಾಯಬೇಕಲ್ಲ. ಹೊರಗೆ ಬಂದ ಮೇಲೆ ಹೊಂಗೆ ಮರದ ಕೆಳಗೆ ನಿಂತು ಅಳುತ್ತ ನಿಜ ಹೇಳುತ್ತಾಳೆ. ಅಷ್ಟರಲ್ಲಿ ಒಳಗೆ ಅಂಕ ಬರೆದು ಆಗಿರುತ್ತದೆ.

ಇದಕ್ಕೆ ವಿರುದ್ಧದ ಕಸುಬೂ ನಡೆಯುತ್ತಿತ್ತು. ದವಾಖಾನೆಯ ಗೇಟಿನ ಹತ್ತಿರ ಚಹಾದಂಗಡಿಯಲ್ಲಿ ಕೂತ ಕೆಲವರು ‘ಏನ ಕೇಳಿದ್ರೂ ಬರೂದಿಲ್ಲ ಅನ್ರಿ, ಎಪ್ಪತ್ತೈದ ದಾಟಿಸಿ ಕೊಡತೀವಿ’ ಎಂದು ಪಾಠ ಹೇಳಿ ದುಡ್ಡು ಎತ್ತುತ್ತಿದ್ದರು. ಮಾಸಾಶನದ ಆಗಿನ ಲೆಕ್ಕ ಅವರಿಗೆ ಬಾಯಿಪಾಠ: ಶೇ 40ರಿಂದ 75ರವರೆಗೆ ತಿಂಗಳಿಗೆ 800 ರೂಪಾಯಿ, ಅದನ್ನು ದಾಟಿದರೆ 1,400. ಆರುನೂರು ರೂಪಾಯಿ ಹೆಚ್ಚಿಗೆ ಸಿಗುವುದಕ್ಕೆ ಮಗುವಿಗೆ ಏನೂ ಬರುವುದಿಲ್ಲ ಎಂದು ಬರೆಸಿಕೊಂಡು ಬಂದ ಮನೆಗಳು ಆಮೇಲೆ ಅದೇ ಕಾಗದ ಹಿಡಿದು ಸಾಲಿಗೆ ಹೋದಾಗ, ಇಂಥ ಮಗುವನ್ನು ಹೇಗೆ ಕೂಡಿಸಿಕೊಳ್ಳುವುದು ಎಂದು ಮಾಸ್ತರರು ಕೈ ಚೆಲ್ಲಿದ್ದನ್ನು ಕಂಡಿದ್ದೇನೆ. ಹೆಚ್ಚು ಹೇಳುವುದೂ ಬೇಡ, ಕಡಿಮೆ ಹೇಳುವುದೂ ಬೇಡ. ಇದ್ದದ್ದು ಹೇಳಿದರೆ ಸಾಕು. ಅದನ್ನು ಹೇಳಿಸುವುದೇ ನಮ್ಮ ಕೆಲಸ ಎಂದು ನಾನು ತಿಳಿದುಕೊಂಡೆ.

ಹೀಗೆ ಶುರುವಾಯಿತು ನೋಟ್‌ಬುಕ್ಕು. ಮನೆಗೊಂದು ನೂರು ಪುಟದ್ದು. ಉಣ್ಣುವ ಹೊತ್ತಿಗೋ ನೀರೆರೆಯುವ ಹೊತ್ತಿಗೋ ಆ ಮನೆಗೆ ಹೋಗಿ ಕೂಡುತ್ತಿದ್ದೆ. ಬಸುರಿನಿಂದ ಹಿಡಿದು ಬರೆಯುವುದು: ಹೆರಿಗೆ ಎಲ್ಲಾಯಿತು, ಕೂಸು ಅತ್ತಿತೇ, ಕಾಮಣಿ ಬಂದಿತ್ತೇ, ಫಿಟ್ಸ್ ಯಾವಾಗ ಬಂತು, ಯಾವ ಡಾಕ್ಟರು ಯಾವ ಔಷಧ ಕೊಟ್ಟರು. ಗಂಡ ಹೆಂಡತಿಯದು ರಕ್ತಸಂಬಂಧವೇ ಎಂದೂ ಕೇಳಲೇಬೇಕು. ಅಕ್ಕನ ಮಗಳನ್ನು ತರುವುದು ನಮ್ಮಲ್ಲಿ ಇನ್ನೂ ನಿಂತಿಲ್ಲ, ಡಾಕ್ಟರು ಅದನ್ನು ಕೇಳಿಯೇ ಕೇಳುತ್ತಾರೆ. ಆಮೇಲೆ ಮಗುವಿನ ಒಂದು ಸಾದಾ ದಿನ, ಬೆಳಗಿನಿಂದ ರಾತ್ರಿಯ ತನಕ, ಯಾವುದಕ್ಕೆ ಯಾರ ಕೈ ಬೇಕು ಎಂಬುದರ ಸಮೇತ. ಮೊದಮೊದಲು ನಾಚಿ ಕೂಡುತ್ತಿದ್ದವರು ನಾಲ್ಕು ಪುಟ ತುಂಬುವ ಹೊತ್ತಿಗೆ ‘ಇದೂ ಐತ್ರಿ ಅಕ್ಕಾರ, ಬರಕೊಳ್ರಿ’ ಎನ್ನುತ್ತಿದ್ದರು. ಕೂಸು ಹುಟ್ಟಿದಂದಿನಿಂದ ಅವರನ್ನು ಯಾರೂ ಇಷ್ಟು ಹೊತ್ತು ಕೂತು ಕೇಳಿರಲಿಲ್ಲ. ಆ ನೋಟ್‌ಬುಕ್ಕು ಕೊಟ್ಟರೆ ಮನಶ್ಶಾಸ್ತ್ರಜ್ಞರ ಕೆಲಸವೂ ಹಗುರ. ಒಬ್ಬ ತರುಣ ಮನಶ್ಶಾಸ್ತ್ರಜ್ಞೆ ಓದಿ ಮುಗಿಸಿ, ‘ಇನ್ನ ನಾನು ಕೇಳೋದು ನಾಲ್ಕೇ ಪ್ರಶ್ನೆ’ ಎಂದಿದ್ದಳು. ಪಾಳಿಯಲ್ಲಿ ಹಿಂದಿದ್ದವರಿಗೂ ಅವತ್ತು ಮಧ್ಯಾಹ್ನಕ್ಕೇ ಬಸ್ಸು ಸಿಕ್ಕಿತು.

ನಾಲ್ಕೂ ತಾಲ್ಲೂಕು ಬೈಲಹೊಂಗಲ ಉಪವಿಭಾಗದವೇ ಆದರೂ ದಾರಿಯ ಕಷ್ಟ ಒಂದೇ ಅಲ್ಲ. ಕಿತ್ತೂರಿನವರು ಪುಣೆ-ಬೆಂಗಳೂರು ಹೆದ್ದಾರಿಯ ಮೇಲಿದ್ದಾರೆ, ಬೆಳಗಾವಿಯೂ ಸಮೀಪ, ಧಾರವಾಡವೂ ಸಮೀಪ. ರಾಮದುರ್ಗದಿಂದ ಬೆಳಗಾವಿ ನೂರು ಕಿಲೋಮೀಟರ್ ಹತ್ತಿರ ಹತ್ತಿರ. ಬಿಗಿ ಹಿಡಿಯುವ ಕಾಲಿನ ಹತ್ತು ವರ್ಷದ ಹುಡುಗನನ್ನು ಟಗರು ಹೊತ್ತಂತೆ ಹೆಗಲ ಮೇಲೆ ಹಾಕಿಕೊಂಡು ಎರಡು ಬಸ್ಸು ಬದಲಿಸಿ ಹೋದ ನೇಕಾರನಿಗೆ, ಸಂಬಂಧಪಟ್ಟ ಡಾಕ್ಟರು ರಜೆ ಎಂದರೆ ಏನಾಗಬೇಕು? ಒಂದು ದೊಡ್ಡ ಆಸ್ಪತ್ರೆಯಲ್ಲಿ ಹಾಗಾದ ದಿನ ನಾನೂ ಜೊತೆಗಿದ್ದೆ. ಮಗ್ಗ ನಿಂತ ದಿನದ ಕೂಲಿ ಹೋಯಿತು. ಅವನು ಸಿಟ್ಟಾಗಲಿಲ್ಲ, ಅದೇ ನನಗೆ ಹೆಚ್ಚು ಸಂಕಟವಾಯಿತು. ಅವತ್ತಿನಿಂದ ಫೋನು ಮಾಡಿ ಯಾವ ವಾರ ಯಾವ ಡಾಕ್ಟರು ಎಂದು ಕೇಳದೆ ಯಾರನ್ನೂ ಬಸ್ಸು ಹತ್ತಿಸಿದವಳಲ್ಲ. ಬೌದ್ಧಿಕ ವೈಕಲ್ಯಕ್ಕೆ ಮಕ್ಕಳ ವೈದ್ಯರು ಇಲ್ಲವೆ ಮನೋವೈದ್ಯರು ಬೇಕು, ಜೊತೆಗೆ ತರಬೇತಿ ಪಡೆದ ಮನಶ್ಶಾಸ್ತ್ರಜ್ಞರೂ ಬೇಕು. ಇಬ್ಬರಲ್ಲಿ ಒಬ್ಬರಿದ್ದು ಒಬ್ಬರಿಲ್ಲದ ದಿನ ಹೋದರೆ ಹೋದ ಹಾಗೆ ಬರುವುದು.

ಸವದತ್ತಿಯವರ ಸಂಕಟ ಬೇರೆ ಥರದ್ದು. ಅವರಿಗೆ ಧಾರವಾಡ ಸುಮಾರು 40 ಕಿಲೋಮೀಟರ್, ಬೆಳಗಾವಿ ಅದರ ಎರಡು ಪಟ್ಟು. ಮಗುವಿಗೆ ಔಷಧ ನಡೆದಿರುವುದು ಧಾರವಾಡದಲ್ಲಿ, ಆದರೆ ಪ್ರಮಾಣಪತ್ರಕ್ಕೆ ಮಾತ್ರ ಬೆಳಗಾವಿಗೇ ಹೋಗಬೇಕು, ಜಿಲ್ಲೆ ಅದೇ ಅಲ್ಲವೆ ಎಂದು ಎಲ್ಲರೂ ನಂಬಿದ್ದರು. ಕಚೇರಿಯವರೂ ಹಾಗೆಯೇ ಹೇಳುತ್ತಿದ್ದರು. ಅಂಗವಿಕಲರ ಹಕ್ಕುಗಳ 2017ರ ನಿಯಮ ಕೈಗೆ ಸಿಕ್ಕಾಗ ನಿಧಾನವಾಗಿ ಓದಿದೆ. ವಾಸದ ಜಿಲ್ಲೆಯಲ್ಲಿ ಅರ್ಜಿ ಹಾಕಬಹುದು, ಇಲ್ಲವೆ ಆ ವೈಕಲ್ಯಕ್ಕೆ ಚಿಕಿತ್ಸೆ ಪಡೆಯುತ್ತಿರುವ, ಪಡೆದಿದ್ದ ಸರ್ಕಾರಿ ಆಸ್ಪತ್ರೆಯಲ್ಲಿಯೂ ಹಾಕಬಹುದು ಎಂದಿತ್ತು. ಆ ಪುಟದ ಜೆರಾಕ್ಸು ಮಾಡಿಸಿ ಚೀಲದಲ್ಲಿಟ್ಟುಕೊಂಡೆ. ಹಳೆಯ ಓಪಿಡಿ ಚೀಟಿಗಳನ್ನು ಒಲೆಗೆ ಹಾಕಬೇಡಿರಿ ಎಂದು ಮನೆಮನೆಗೆ ಹೇಳಿದ್ದು ಆವಾಗ. ಚಿಕಿತ್ಸೆ ನಡೆದಿದೆ ಎಂಬುದಕ್ಕೆ ಅದೇ ಪುರಾವೆ.

ಅಂಗವಿಕಲರ 1995ರ ಕಾಯ್ದೆಯಲ್ಲಿ ಇದ್ದದ್ದು ಏಳು ಬಗೆಯ ಅಂಗವೈಕಲ್ಯ. ಸೆರೆಬ್ರಲ್ ಪಾಲ್ಸಿ ಕೈಕಾಲಿನ ಊನದೊಳಗೆ ಸೇರಿತ್ತು, ಆಟಿಸಂಗೆ ಆ ಪಟ್ಟಿಯಲ್ಲಿ ಜಾಗವೇ ಇರಲಿಲ್ಲ. 2016ರ ಕಾಯ್ದೆ 2017ರ ಏಪ್ರಿಲ್ 19ರಂದು ಜಾರಿಗೆ ಬಂದು ಪಟ್ಟಿ 21 ಆಯಿತು. ಅಂದು ನಾವು ಬೈಲಹೊಂಗಲದಲ್ಲಿ ಪೇಢೆ ಹಂಚಬೇಕಿತ್ತು, ಆದರೆ ಆ ಸುದ್ದಿ ನಮಗೆ ಮುಟ್ಟಿದ್ದೇ ಎಷ್ಟೋ ತಿಂಗಳ ಮೇಲೆ. ಆಮೇಲೆ ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ, ಯುಡಿಐಡಿ ಬಂತು. 2021ರ ಜೂನ್ 1ರಿಂದ ಪ್ರಮಾಣಪತ್ರ ಆನ್‌ಲೈನಿನಲ್ಲೇ ಎಂದಾಯಿತು. ಇದರಿಂದ ಕಷ್ಟ ಹೆಚ್ಚಿತೋ ಕಡಿಮೆಯಾಯಿತೋ ಎಂದು ನಮ್ಮವರು ಇನ್ನೂ ವಾದ ಮಾಡುತ್ತಾರೆ. ನನ್ನ ಮಟ್ಟಿಗೆ ಉತ್ತರ 2019ರ ಆಗಸ್ಟಿನಲ್ಲೇ ಸಿಕ್ಕಿತ್ತು. ಆ ಸಲ ಮಲಪ್ರಭೆ ತುಂಬಿ ರಾಮದುರ್ಗದ ಮನೆಗಳಿಗೆ ನೀರು ನುಗ್ಗಿದಾಗ ಹಳೆಯ ಕೈಬರಹದ ಪ್ರಮಾಣಪತ್ರಗಳು ಟ್ರಂಕಿನಲ್ಲೇ ಕರಗಿ ಹೋದವು. ಆಸ್ಪತ್ರೆಯ ಹಳೆಯ ರಜಿಸ್ಟರಿನಲ್ಲಿ ಒಂದು ಹೆಸರು ಹುಡುಕಿಸುವುದು ಹೊಸದಾಗಿ ಪ್ರಮಾಣಪತ್ರ ಮಾಡಿಸುವುದಕ್ಕಿಂತ ಕಷ್ಟವಾಯಿತು. ನೀರಿಗೆ ಹೋಗದ ಹದಿನೆಂಟು ಅಂಕಿಯ ಒಂದು ನಂಬರು ಇದ್ದರೆ ಒಳ್ಳೆಯದೇ ಎಂದು ಅನಿಸಿದ್ದು ಆಗ.

ಆದರೆ ಆನ್‌ಲೈನ್ ಎಂದ ಕೂಡಲೇ ಹೆಸರಿನ ತಕರಾರು ಎದ್ದು ಕೂತಿತು. ಆಧಾರದಲ್ಲಿ ಬಸವರಾಜ, ಅಂಗನವಾಡಿಯಲ್ಲಿ ಬಸಪ್ಪ, ರೇಷನ್ ಕಾರ್ಡಿನಲ್ಲಿ ಅಡ್ಡಹೆಸರಿಲ್ಲದ ಬಸ್ಯಾ. ಕಂಪ್ಯೂಟರಿಗೆ ಇವರು ಮೂವರು. ಗೋವಾದ ಕಟ್ಟಡ ಕೆಲಸಕ್ಕೆ ಹೋದವರ ಮಕ್ಕಳದು ಇನ್ನೊಂದು ಪಜೀತಿ. ಆಧಾರ ಮಾಡಿಸಿದ್ದು ಅಲ್ಲಿ, ವಿಳಾಸ ಅಲ್ಲಿಯದು, ಮಗು ಇರುವುದು ಇಲ್ಲಿ ಅಜ್ಜಿಯ ಹತ್ತಿರ. ಕೈ ಮುಷ್ಟಿ ಬಿಚ್ಚದ ಮಗುವಿನ ಬೆರಳಚ್ಚು ಮಷಿನ್ನು ತಗೊಳ್ಳುವುದಿಲ್ಲ. ಅದಕ್ಕೆ ವಿನಾಯಿತಿಯ ದಾರಿ ಇದೆ, ಆದರೆ ಮಷಿನ್ನಿನ ಮುಂದೆ ಕೂತ ಹುಡುಗನಿಗೆ ಅದು ಗೊತ್ತಿರಬೇಕಲ್ಲ. ಹಾಗಾಗಿ ನನ್ನ ಕ್ರಮವೇ ಬದಲಾಯಿತು. ಮೊದಲು ಜನನ ಪ್ರಮಾಣಪತ್ರ, ಅದರಂತೆ ಆಧಾರ, ಅದರಂತೆ ರೇಷನ್ ಕಾರ್ಡು. ಮೂರರಲ್ಲೂ ಅಕ್ಷರ ಒಂದೇ ಆದ ಮೇಲೆಯೇ ಯುಡಿಐಡಿ. ದುಡುಕಿ ಮೊದಲೇ ಅರ್ಜಿ ಹಾಕಿದವರು ತಿದ್ದುಪಡಿಗೆ ಅಲೆದು ಕೊನೆಗೆ ಎಲ್ಲರಿಗಿಂತ ಹಿಂದೆ ಬಿದ್ದರು.

ಪ್ರಮಾಣಪತ್ರ ಕೊಡಲು ನಿಯಮದಲ್ಲಿ ಮೊದಲಿದ್ದ ಗಡುವು ಒಂದು ತಿಂಗಳು. 2024ರ ತಿದ್ದುಪಡಿಯಲ್ಲಿ ಅದು ಮೂರು ತಿಂಗಳಾಯಿತು. ಪಾಲಿಸಲಾಗದ ಗಡುವನ್ನು ಉದ್ದ ಮಾಡುವುದು ನ್ಯಾಯವೆಂದು ನನಗೆ ಅನಿಸಿಲ್ಲ. ಎರಡು ವರ್ಷದ ಕೂಸಿಗೆ ಮೂರು ತಿಂಗಳು ಸಣ್ಣದಲ್ಲ. ಮಾಸಾಶನದ ವಿಷಯದಲ್ಲಿ, ಗಡುವಿನೊಳಗೆ ಕೆಲಸ ಮಾಡಿಕೊಡಬೇಕು ಎನ್ನುವ ಸಕಾಲ 2012ರಿಂದ ಇದೆ. ನಾಡಕಚೇರಿಯಲ್ಲಿ ಅರ್ಜಿ ಕೊಟ್ಟಾಗ ಸಿಗುವ ಸ್ವೀಕೃತಿ ಚೀಟಿಯ ಮೇಲೆ ಒಂದು ನಂಬರು ಇರುತ್ತದೆ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಕೇಳುವ ಹಕ್ಕು ಅರ್ಜಿದಾರರಿಗೆ ಇದೆ. ಆ ಇಪ್ಪತ್ತು ರೂಪಾಯಿ ಕೇಳಿ ಪಡೆದವರನ್ನು ನಾನು ಕಂಡಿಲ್ಲ. ಆದರೆ ಚೀಟಿ ತೋರಿಸಿ ನಂಬರು ಓದಿ ಹೇಳಿದಾಗ ತಲಾಟಿಯ ವರದಿ ಅದೇ ವಾರ ಮೇಲೆ ಹೋದದ್ದನ್ನು ಕಂಡಿದ್ದೇನೆ.

ನಮ್ಮ ಕಡೆ ಮಾಸಾಶನಕ್ಕೆ ‘ಪಗಾರ’ ಎನ್ನುತ್ತಾರೆ. ‘ಹುಡುಗಗ ಪಗಾರ ಚಾಲೂ ಆತೇನ್ರಿ?’ ಎಂದು ಕೇಳುವುದರಲ್ಲೇ ಎಲ್ಲ ಮುಗಿಯುತ್ತದೆ. ಪಗಾರ ಬೇಕು, ಕೂಲಿಯ ಮನೆಗೆ ಎಂಟುನೂರು ಸಣ್ಣ ಮೊತ್ತವಲ್ಲ. ಆದರೆ ಪ್ರಮಾಣಪತ್ರ ಎಂದರೆ ಪಗಾರದ ಚೀಟಿ ಎಂದು ತಿಳಿದ ಮನೆಗಳಲ್ಲಿ ಮಗುವಿಗೆ ಬೇಕಾದದ್ದು ಹಿಂದೆ ಉಳಿಯುತ್ತಿತ್ತು. ಕಾಲಿಗೆ ವ್ಯಾಯಾಮ, ಮಾತಿನ ತರಬೇತಿ, ಫಿಟ್ಸಿನ ಔಷಧ, ಇವು ಯಾವುದಕ್ಕೂ ಪ್ರಮಾಣಪತ್ರ ಬರುವ ತನಕ ಕಾಯಬೇಕಾಗಿಲ್ಲ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರು ಅಂಗನವಾಡಿಗೆ, ಸಾಲಿಗೆ ಬಂದು ಹುಟ್ಟಿದ ಕೂಸಿನಿಂದ ಹದಿನೆಂಟರವರೆಗಿನ ಮಕ್ಕಳನ್ನು ನೋಡುತ್ತಾರೆ. ಬೆಳವಣಿಗೆಯ ತಡವನ್ನು ಗುರುತಿಸುವುದು ಅವರ ಕೆಲಸದಲ್ಲೇ ಸೇರಿದೆ. ಅವರ ಗಾಡಿ ಬರುವ ದಿನ ಮಗುವನ್ನು ಮನೆಯಲ್ಲಿ ಬಚ್ಚಿಡುವ ಕುಟುಂಬಗಳ ಪಟ್ಟಿ ನನ್ನ ಹತ್ತಿರ ಇರುತ್ತಿತ್ತು. ಹಿಂದಿನ ಸಂಜೆ ಆ ಮನೆಗಳಿಗೆ ಹೋಗಿ ಚಹಾ ಕುಡಿದು ಬರುವುದೇ ನಾನು ಮಾಡಿದ ಕೆಲಸದಲ್ಲಿ ಹೆಚ್ಚು ಫಲ ಕೊಟ್ಟದ್ದು. ಹಾಗೆ ಸಿಕ್ಕ ಒಂದು ಹೆಣ್ಣು ಕೂಸು, ಆಗ ಹದಿನಾಲ್ಕು ತಿಂಗಳು, ಮುಂದೆ ಪ್ರಮಾಣಪತ್ರ ಬರುವ ಹೊತ್ತಿಗೆ ಗೋಡೆ ಹಿಡಿದು ನಡೆಯುತ್ತಿತ್ತು.

ಮಕ್ಕಳು ದೊಡ್ಡವರಾಗುತ್ತಾರೆ ಎಂಬುದನ್ನು ಕಚೇರಿ ಮರೆಯುವುದಿಲ್ಲ, ಮನೆಯವರು ಮರೆಯುತ್ತಾರೆ. ಐದರಲ್ಲಿ ಕೊಟ್ಟ ಪ್ರಮಾಣಪತ್ರವನ್ನು ಹತ್ತರಲ್ಲಿ, ಮತ್ತೆ ಹದಿನೆಂಟರಲ್ಲಿ ಹೊಸದು ಮಾಡಿಸಬೇಕು. ಹದಿನೆಂಟರಲ್ಲಿ ಸಿಕ್ಕದ್ದು ಜೀವಮಾನಕ್ಕೆ. ಅವಧಿ ಮುಗಿದದ್ದು ಗಮನಕ್ಕೆ ಬಾರದೆ ಪಗಾರ ನಿಂತ ಮೇಲೆ ಓಡಿ ಬರುವವರೇ ಹೆಚ್ಚು. ಹದಿನೆಂಟು ತುಂಬಿದ ಮೇಲೆ ತಾಯಿಯ ಸಹಿ ಬ್ಯಾಂಕಿನಲ್ಲಿ ನಡೆಯುವುದಿಲ್ಲ ಎಂಬುದು ಇನ್ನೊಂದು ಆಘಾತ. ಇದಕ್ಕೆಂದೇ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಇದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ಅಂಗವೈಕಲ್ಯ ಇರುವವರಿಗೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿ ಪೋಷಕರನ್ನು ನೇಮಿಸುತ್ತದೆ. ಇದೇ ನ್ಯಾಸದ ನಿರಾಮಯ ಆರೋಗ್ಯ ವಿಮೆಯಲ್ಲಿ ಒಂದು ಲಕ್ಷದವರೆಗೆ ನೆರವಿದೆ. ಸವದತ್ತಿ ತಾಲ್ಲೂಕಿನ ಒಬ್ಬ ವಿಧವೆ ತನ್ನ ಇಪ್ಪತ್ತೆರಡು ವರ್ಷದ ಮಗನ ಪೋಷಕಿಯಾಗಲು ಅರ್ಜಿ ಹಾಕಬೇಕು ಎಂದಾಗ ನನ್ನನ್ನು ಬೈದಳು: ‘ಹಡದಾಕಿ ನಾನು. ಈಗ ಸಾಹೇಬರ ಕೇಳಿ ತಾಯಿ ಆಗಬೇಕೇನ್ರಿ?’ ನನ್ನ ಬಳಿ ಉತ್ತರವಿರಲಿಲ್ಲ. ಅರ್ಜಿ ಬರೆದೆ, ಅವಳು ಹೆಬ್ಬೆಟ್ಟು ಒತ್ತಿದಳು. ಆದೇಶ ಬಂತು.

ಈಗ ಕೆಲಸ ಬಿಟ್ಟಿದ್ದೇನೆ, ಆದರೂ ಫೋನು ಬರುತ್ತಲೇ ಇರುತ್ತದೆ. ನಿಮ್ಮ ಓಣಿಯಲ್ಲಿ ವರ್ಷ ತುಂಬಿದರೂ ಕೂಡದ, ಎರಡು ತುಂಬಿದರೂ ಎರಡು ಮಾತಾಡದ ಕೂಸಿದ್ದರೆ ಆ ಮನೆಯವರನ್ನು ಈ ವಾರವೇ ಅಂಗನವಾಡಿಗೆ ಕಳಿಸಿರಿ. ಪಂಚಾಯಿತಿಯಲ್ಲಿ ವಿ.ಆರ್.ಡಬ್ಲ್ಯು ಯಾರೆಂದು ಕೇಳಿರಿ. ಯುಡಿಐಡಿ ಅರ್ಜಿಗೆ ಸರ್ಕಾರದ ಶುಲ್ಕ ಒಂದು ರೂಪಾಯಿಯೂ ಇಲ್ಲ. ಹದಿನೇಳು ದಾಟಿದ ಇಂಥ ಮಗ ಅಥವಾ ಮಗಳು ನಿಮ್ಮ ಮನೆಯಲ್ಲೇ ಇದ್ದರೆ, ಟ್ರಂಕಿನಲ್ಲಿರುವ ಪ್ರಮಾಣಪತ್ರ ತೆಗೆದು ಅದರ ಮೇಲಿನ ನವೀಕರಣದ ವರ್ಷ ಒಮ್ಮೆ ನೋಡಿರಿ.